ಆನೆಮಡು ಮುಚ್ಚಿದ ವರ್ಷ

ಹೋದ ಚಳಿಗಾಲದಲ್ಲಿ ನಮ್ಮ ಸಂಘದ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಉಡುಪಿಗೆ ಹೋಗಿದ್ದೆವು. ದೇವರ ದರ್ಶನ ಮುಗಿಸಿ, ಇಷ್ಟು ದೂರ ಬಂದು ಸಮುದ್ರ ನೋಡದೆ ಹೋಗುವುದುಂಟೇ ಅಂತ ಮಲ್ಪೆಗೂ ಹೋದೆವು. ಉಳಿದವರು ಮರಳಿನ ಕಡೆ ನಡೆದರು. ನನ್ನ ಕಾಲು ಮಾತ್ರ ಮೀನು ಇಳಿಸುವ ಧಕ್ಕೆಯ ಕಡೆ ತಿರುಗಿತು. ಮೀನಿನ ಮನೆಯಲ್ಲಿ ಬಾಳಿದ ಹೆಂಗಸು ನಾನು.

ಅಲ್ಲಿ ಒಂದು ದೊಡ್ಡ ಶಾರ್ಕನ್ನು ಸಿಮೆಂಟಿನ ಮೇಲೆ ಹಾಕಿ ಹೊಟ್ಟೆ ಸೀಳಿದ್ದರು. ಒಳಗಿಂದ ಗೇಣುದ್ದದ ಮರಿಗಳು ಜಾರಿ ಬಿದ್ದಿದ್ದವು. ತತ್ತಿ ಇಡುವ ಮೀನುಗಳನ್ನಷ್ಟೇ ಕಂಡಿದ್ದ ನನಗೆ ಅದು ಹೊಸದು. ಟೋಪಿ ಹಾಕಿಕೊಂಡ ಒಬ್ಬ ಹುಡುಗಿ ಬೋಟಿನವರ ಹತ್ತಿರ ನಿಂತು ಹೇಳುತ್ತಿದ್ದಳು: "ಬಸುರಿ ಬಲೆಗೆ ಬಿದ್ರೆ ಬಿಟ್ಟುಬಿಡಿ ಅಣ್ಣ. ಇವು ಬೇರೆ ಮೀನಿನ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡೋದಿಲ್ಲ. ಹೋದರೆ ಮತ್ತೆ ತುಂಬೋದು ಕಷ್ಟ." ಬೋಟಿನವ ಬಲೆ ಮಡಿಸುತ್ತಾ, "ನಾನು ಬಿಟ್ರೆ ಆಚೆ ಬೋಟಿನವ ಬಿಡ್ತಾನಾ ಮಾರಾಯ್ತಿ?" ಅಂದ. ಹುಡುಗಿ ಬೇಸರ ಮಾಡಿಕೊಳ್ಳದೆ ಇನ್ನೊಬ್ಬನ ಹತ್ತಿರ ಹೋದಳು.

ಅಷ್ಟರಲ್ಲಿ ಹೊಸ ಬೋಟೊಂದಕ್ಕೆ ಪೂಜೆ ಮಾಡಿ ಪಟಾಕಿ ಸರ ಹಚ್ಚಿದರು. ಮದ್ದಿನ ಹೊಗೆ, ಹಸಿ ಮೀನಿನ ರಕ್ತ, ಎರಡೂ ಒಂದೇ ಸಲ ಮೂಗಿಗೆ ಬಂತು. ನಾನು ಹತ್ತಿರವಿದ್ದ ಐಸಿನ ಪೆಟ್ಟಿಗೆ ಮೇಲೆ ಕುಳಿತುಬಿಟ್ಟೆ. ಜೊತೆಯವಳು ಓಡಿಬಂದು "ತಲೆ ಸುತ್ತಿತಾ ಅಕ್ಕ?" ಅಂದಳು. ಹೂಂ ಅಂದೆ. ಸುತ್ತಿದ್ದು ತಲೆಯಲ್ಲ. ಆ ಎರಡು ವಾಸನೆ ಕೂಡಿದ್ದನ್ನು ನಾನು ಅದಕ್ಕೂ ಮೊದಲು ಒಂದೇ ಒಂದು ಸಲ ಕಂಡಿದ್ದೆ. ಆನೆಮಡುವಿನ ದಡದಲ್ಲಿ.

ನಾನು ಹುಟ್ಟಿದ್ದು ಚಿತ್ರದುರ್ಗದ ಹತ್ತಿರದ ಹಿರೇಗುಂಟನೂರಿನಲ್ಲಿ. ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದವಳನ್ನು ಮಾರಿಕಣಿವೆಯ ಹಿನ್ನೀರಿನ ತುದಿಯ ಒಂದು ಹಟ್ಟಿಗೆ ಕೊಟ್ಟರು. ಹೊಸದುರ್ಗದ ಕಡೆಯಿಂದ ಬರುವ ವೇದಾವತಿ ಅಣೆಕಟ್ಟಿನ ನೀರಿಗೆ ಸೇರುವ ಜಾಗ ಅದು. ಹಟ್ಟಿಯವರೆಲ್ಲ ಮೀನು ಹಿಡಿಯುವವರು. ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಬರ ಕಳೆದು ಸ್ವಲ್ಪ ಕಾಲ ಆಗಿತ್ತು ಅಷ್ಟೆ.

ಮನೆಯಲ್ಲಿ ನಾವು ನಾಲ್ವರು. ಅತ್ತೆ ಕೆಂಚಮ್ಮ, ನನ್ನ ಯಜಮಾನರು ರಂಗಪ್ಪ, ಮೈದುನ ತಿಪ್ಪೇಶ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮೀನು ಹಿಡಿಯುವುದು ಗಂಡಸರ ಕೆಲಸ, ಮಾರುವುದು ಹೆಂಗಸರದು. ಅತ್ತೆಯ ಹಿಂದೆ ಮಂಕರಿ ಹೊತ್ತುಕೊಂಡು ಹೊಸದುರ್ಗದ ಸಂತೆಗೆ ನಡೆಯುವುದನ್ನು ನಾನು ಮದುವೆಯಾದ ತಿಂಗಳಲ್ಲೇ ಕಲಿತೆ. ಅತ್ತೆ ಮಾತು ಕಡಿಮೆ. ಆದರೆ ಒಂದು ಮಾತು ಆಡಿದರೆ ಹಟ್ಟಿಯ ಹೆಂಗಸರು ಅದನ್ನು ತೆಗೆದುಹಾಕುತ್ತಿರಲಿಲ್ಲ.

ಬರದಲ್ಲಿ ಹಿನ್ನೀರು ಸರಿದು ಸರಿದು, ಕೊನೆಗೆ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು ಉಳಿದಿತ್ತಂತೆ. ಅದರಲ್ಲಿ ಮೀನು ಕುದಿಯುವ ಎಸರಿನ ಹಾಗೆ ಮಿಜಿಗುಡುತ್ತಿದ್ದವಂತೆ. ಸುತ್ತಿನ ಊರಿನವರೆಲ್ಲ ಬುಟ್ಟಿಯಲ್ಲಿ, ಸೀರೆಯಲ್ಲಿ, ಬರಿಗೈಯಲ್ಲಿ ಬಾಚಿಕೊಂಡು ಹೋದರಂತೆ. "ಹಸಿದೋರನ್ನ ಬ್ಯಾಡ ಅನ್ನಾಕಾಗ್ತೈತಾ?" ಅನ್ನುತ್ತಿದ್ದರು ಅತ್ತೆ. ಮತ್ತೆ ಮಳೆ ಬಂದು ನೀರು ತುಂಬಿತು. ಗೆಂಡೆ, ಕೊರಮೀನು ಅಷ್ಟಿಷ್ಟು ಬಂದವು. ಬಾಳೆಮೀನು ಮಾತ್ರ ಬರಲಿಲ್ಲ.

ಬಾಳೆಮೀನು ನೋಡದವರಿಗೆ ಹೇಳಬೇಕು. ಮೈಮೇಲೆ ಹುರುಪೆ ಇರುವುದಿಲ್ಲ. ಬೆಳ್ಳಗೆ, ಚಪ್ಪಟೆಯಾಗಿ, ಉದ್ದಕ್ಕೆ ಇರುತ್ತದೆ. ಬಾಯಿ ಕಣ್ಣಿನ ಆಚೆವರೆಗೂ ಸೀಳಿಕೊಂಡು, ಒಳಗೆ ಗರಗಸದಂಥ ಹಲ್ಲು. ಎರಡು ಉದ್ದ ಮೀಸೆ. ಬಿಟ್ಟರೆ ಆಳುದ್ದ ಬೆಳೆಯುತ್ತದೆ. ಬೇರೆ ಮೀನು ತಿಂದೇ ಬದುಕುವಂಥದ್ದು. ನೀರುಹಕ್ಕಿ ಮರಿಯನ್ನೂ ಬಿಡುವುದಿಲ್ಲ. ಮಕ್ಕಳಿಗೆ ಅದರ ಹೆಸರು ಹೇಳಿ ಹೆದರಿಸುತ್ತಿದ್ದರು. ಆದರೂ ಅತ್ತೆಗೆ ಅದರ ಮೇಲೆ ಒಂದು ಗೌರವ. "ಬಾಳೆ ಇರೋ ಮಡು ಅಂದ್ರೆ ಯಜಮಾನ ಇರೋ ಮನೆ ಇದ್ದಂಗೆ. ಅದು ಹೋತು ಅಂದ್ರೆ ಉಳಿದವೂ ದಿಕ್ಕಾಪಾಲಾಗ್ತಾವೆ" ಅನ್ನುತ್ತಿದ್ದರು. ಹಟ್ಟಿಯ ಮೇಲ್ಗಡೆ ಹೊಳೆಯಲ್ಲಿ ಬೇಸಿಗೆಯಲ್ಲೂ ಬತ್ತದ ಆಳವಾದ ಮಡು ಒಂದಿತ್ತು. ಅದೇ ಆನೆಮಡು. ಉಳಿದ ನಾಕಾರು ಬಾಳೆ ಇದ್ದರೆ ಅಲ್ಲೇ ಇರಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಬರಕ್ಕಿಂತ ಕೆಟ್ಟದ್ದು ತೋಟೆ. ಗಣಿಯಲ್ಲಿ ಕಲ್ಲು ಸಿಡಿಸುವ ಮದ್ದಿನ ಕಡ್ಡಿಗೆ ನಮ್ಮ ಕಡೆ ತೋಟೆ ಅನ್ನುತ್ತಾರೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳಲ್ಲಿ ಅದಿರು ತೆಗೆಯುವ ಗಣಿಗಳಿದ್ದವು. ಅಲ್ಲಿ ದುಡಿಯುವ ಹುಡುಗರು ಒಂದೆರಡು ತೋಟೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರೆ ಯಾರೂ ಕೇಳುವವರಿರಲಿಲ್ಲ. ಬತ್ತಿ ಹಚ್ಚಿ ಮಡುವಿಗೆ ಎಸೆದರೆ ಮುಗಿಯಿತು. ತೇಲಿದ್ದರಲ್ಲಿ ದೊಡ್ಡದನ್ನು ಆರಿಸಿಕೊಳ್ಳುತ್ತಿದ್ದರು. ಬೆರಳುದ್ದದ ಮರಿಗಳೆಲ್ಲ ದಡದಲ್ಲಿ ಕೊಳೆಯುತ್ತಿದ್ದವು. ತೋಟೆ ಬಿದ್ದ ಮೀನನ್ನು ಮುಟ್ಟಿದರೇ ತಿಳಿಯುತ್ತದೆ. ಒಳಗೆ ಮುಳ್ಳು ಪುಡಿಯಾಗಿ ಮೈ ಮೆತ್ತಗೆ ಜೋತು ಬೀಳುತ್ತದೆ.

ನಾನು ಹೇಳುತ್ತಿರುವ ವರ್ಷದ ಬೇಸಿಗೆಯಲ್ಲಿ ಯಾರೋ ಆನೆಮಡುವಿನ ಕೆಳಗಿನ ಗುಂಡಿಗೆ ತೋಟೆ ಹಾಕಿದರು. ಹಟ್ಟಿಯ ತನಕ ಕೊಳೆತ ನಾತ ಬಂತು. ಅವತ್ತು ಸಂಜೆ ಅತ್ತೆ ಮನೆಮನೆಗೆ ಹೋಗಿ ಹೆಂಗಸರನ್ನೆಲ್ಲ ಹೊಂಗೆಮರದ ಕೆಳಗೆ ಕರೆದರು. ಗಂಡಸರು ತಾವಾಗಿಯೇ ಬಂದು ಹಿಂದೆ ನಿಂತರು.

"ಗಂಡಸ್ರಿಗೆ ನಾನೇನೂ ಹೇಳಲ್ಲ" ಅಂದರು ಅತ್ತೆ. "ಮಂಕರಿ ಹೊರೋರು ನಾವು. ನಾವು ಹೊರದಿದ್ರೆ ತೋಟೆ ಮೀನು ಸಂತೆಗೆ ಹೆಂಗೆ ಹೋಗ್ತೈತೆ? ಇನ್ನು ಮ್ಯಾಲೆ ನಾನು ಹೊರಲ್ಲ. ಯಾರು ತಂದ್ರೂ ಹೊರಲ್ಲ."

ಒಬ್ಬೊಬ್ಬರಾಗಿ ಹೆಂಗಸರೆಲ್ಲ ನಾವೂ ಹೊರಲ್ಲ ಅಂದರು. ಆಮೇಲೆ ಹಟ್ಟಿ ಯಜಮಾನರು, ವಯಸ್ಸಾದವರು, ಕೆಮ್ಮುತ್ತಾ ಮುಂದೆ ಬಂದರು. "ಬಾಳೆ ಉಳೀಬೇಕು ಅಂದ್ರೆ ಅದೊಂದೇ ಸಾಲದಮ್ಮ. ಹೊಸ ನೀರಿಗೆ ಅವು ತತ್ತಿ ಇಡಾಕೆ ಮ್ಯಾಲೆ ಹತ್ತಾವೆ. ಹೊಸ ನೀರು ಬಂದಾಗಿಂದ ಮಾನೌಮಿ ತನಕ ಆನೆಮಡುಗೆ ಬಲೆನೂ ಬ್ಯಾಡ, ಗಾಳನೂ ಬ್ಯಾಡ" ಅಂದರು. ಗಂಡಸರಲ್ಲಿ ಗುಸುಗುಸು ಎದ್ದಿತು. ಮಾನೌಮಿ ಅಂದರೆ ಮಹಾನವಮಿ; ಅಲ್ಲಿಯ ತನಕದ್ದೇ ಮೀನು ಹೆಚ್ಚು ಸಿಗುವ ಕಾಲ. ಆದರೂ ಒಪ್ಪಿದರು. ಮಾರನೆಯ ದಿನ ಮಡುವಿನ ಸುತ್ತ ಬಂಡೆಗಳಿಗೆ ಸುಣ್ಣ ಬಳಿದು, ದಡದಲ್ಲಿ ಗಂಗಮ್ಮನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಕುಂಕುಮ ಇಟ್ಟು ಬಂದರು.

ಮೀನಿನ ಇಲಾಖೆಯ ಸಾಹೇಬರೊಬ್ಬರು ಆಗಾಗ ಬರುತ್ತಿದ್ದರು. ಬೇರೆ ಕಡೆಯಿಂದ ಕಟ್ಲ, ರೋಹು ಮರಿ ತಂದು ಹಿನ್ನೀರಿಗೆ ಬಿಡುವುದು ಅವರ ಕೆಲಸ. ಸುಣ್ಣದ ಗುರುತು ನೋಡಿ ಏನು ಅಂತ ವಿಚಾರಿಸಿದರು. ಹೇಳಿದಾಗ ತಲೆ ಕೆರೆದುಕೊಂಡರು.

"ನೀವು ಉಳಿಸಬೇಕು ಅಂತಿರೋದು ಬಾಳೇನ? ಸಮುದ್ರಕ್ಕೆ ಶಾರ್ಕ್ ಹೆಂಗೋ ನಮ್ಮ ನೀರಿಗೆ ಇದು ಹಂಗೆ. ನಾನು ಬಿಟ್ಟ ಮರಿಯೆಲ್ಲ ಅದರ ಹೊಟ್ಟೆಗೇ ಹೋಗ್ತದೆ. ಇದ್ದಷ್ಟು ಹಿಡಿದು ಹಾಕ್ರಿ ಅಂತಾರೆ ನಮ್ಮ ಮೇಲಿನವರು."

ಅಲ್ಲೇ ಕುರಿ ಮೇಯಿಸಿಕೊಂಡಿದ್ದ ಕರಿಯಣ್ಣ ನಕ್ಕ. ಯಲ್ಲದಕೆರೆ ಕಡೆಯವನು, ಬೇಸಿಗೆಯಿಂದ ಹೊಳೆದಂಡೆಯಲ್ಲೇ ಮಂದೆ ಹಾಕಿದ್ದ. "ತೋಳ ಕುರಿ ತಿಂತೈತೆ ಸ್ವಾಮಿ. ಹಂಗಂತ ನಮ್ಮಪ್ಪ ತಾತನ ಕಾಲದಿಂದ ಕುರಿ ಮುಗಿದೋಗಿಲ್ಲ. ಕುರಿ ಮುಗಿಸೋದು ಬ್ಯಾರೆಯೋರು" ಅಂದ.

ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. "ಮೇಲಿನವರು ಹೇಳಿದ್ದು ನಾನು ಹೇಳಿದೀನಿ. ನೀವು ಕೇಳಲಿಲ್ಲ. ಆಯ್ತು, ನನ್ನ ಮರಿ ನಾನು ಕೆಳಗಡೆ ದೂರದಲ್ಲಿ ಬಿಡ್ತೀನಿ" ಅಂತ ಹೇಳಿ ಹೊರಟುಹೋದರು.

ತಿಪ್ಪೇಶನ ವಿಷಯಕ್ಕೆ ಬರಬೇಕು. ನನಗಿಂತ ಒಂದೆರಡು ವರ್ಷ ದೊಡ್ಡವನು. ಅವನಿಗೆ ಮೀನಿನ ಕೆಲಸ ಬೇಡವಾಗಿತ್ತು. ಗಣಿಗೆ ಹೋಗುತ್ತಿದ್ದ, ಅಲ್ಲೇ ಗುಡಿಸಲಲ್ಲಿ ಇರುತ್ತಿದ್ದ. ರಜದ ದಿನ ಬಂದರೆ ಕಿವಿ, ಮೂಗು, ಉಗುರಿನ ಸಂದು ಎಲ್ಲ ಕೆಂಪು ಧೂಳು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನನಗೆ ಹೊಸದುರ್ಗದಿಂದ ಬಳೆ ತಂದುಕೊಟ್ಟು, "ಅತ್ತಿಗೆ, ನಾನು ಕಾಯಂ ಆದ ಮ್ಯಾಲೆ ನಿಮ್ಮನ್ನೆಲ್ಲ ಅಲ್ಲಿಗೇ ಕರ್ಕೊಂಡೋಗ್ತೀನಿ. ಈ ನೀರಲ್ಲಿ ಏನೈತೆ?" ಅನ್ನುತ್ತಿದ್ದ. ಕಾಯಂ ಆಗುವುದೊಂದೇ ಅವನ ಕನಸು. ದಿನಗೂಲಿಯವರನ್ನು ಯಾವತ್ತು ಬೇಕಾದರೂ ಬೇಡ ಅನ್ನುತ್ತಿದ್ದರು. ಬೇಕು ಬೇಡ ಎರಡೂ ಮೇಸ್ತ್ರಿಯ ಬಾಯಲ್ಲಿತ್ತು.

ಮೃಗಶಿರ ಮಳೆ ಹುಸಿ ಹೋಯಿತು. ಆರಿದ್ರಾ ಮಳೆಯಲ್ಲಿ ಮಲೆನಾಡಿನ ಕಡೆ ಜೋರಾಗಿ ಬಿದ್ದು, ಒಂದು ಬೆಳಿಗ್ಗೆ ಹೊಳೆಗೆ ಹೊಸ ನೀರು ಬಂತು. ಕೆಂಪಗೆ, ನೊರೆ ಹೊತ್ತು, ಕಸಕಡ್ಡಿ ತಳ್ಳಿಕೊಂಡು. ಇಡೀ ಹಟ್ಟಿ ದಡಕ್ಕೆ ಬಂತು. ಆ ಹೊತ್ತಿಗೆ ಬಲೆ ತೆಗೆದುಕೊಂಡು ಓಡುವುದು ಗಂಡಸರ ಮೈಗೆ ಅಂಟಿದ ಅಭ್ಯಾಸ. ನಮ್ಮ ಯಜಮಾನರ ಕೈ ಸುಮ್ಮನೆ ಇರಲಾರದೆ ಪಂಚೆಯ ಅಂಚು ಹಿಂಡುತ್ತಿತ್ತು. ಯಾರೂ ಇಳಿಯಲಿಲ್ಲ.

ಆನೆಮಡುವಿನ ಮೇಲ್ಗಡೆ ನೀರು ದಡ ಮೀರಿ ಹುಲ್ಲಿನ ಮೇಲೆ ಹರಡಿತ್ತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹುಲ್ಲು ಅಲುಗಾಡಿತು. ಮೊಣಕಾಲುದ್ದದ ನೀರಿನಲ್ಲಿ ಒಂದು ಬೆಳ್ಳನೆ ಬೆನ್ನು ಎದ್ದು ಮಗುಚಿತು. ಅದರ ಹಿಂದೆ ಇನ್ನೊಂದು. ಎರಡೂ ಒಂದನ್ನೊಂದು ಸುತ್ತಿಕೊಂಡು ನೀರನ್ನು ಬಡಿದವು. ಅಷ್ಟು ದೊಡ್ಡ ಮೀನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅತ್ತೆ ನನ್ನ ಭುಜ ಹಿಡಿದುಕೊಂಡರು. "ನೋಡ್ಕ ರತ್ನಿ. ಇನ್ನೂ ಅವೆ" ಅಂದರು. ಆ ವರ್ಷ ಅವರ ಮುಖದಲ್ಲಿ ನಗು ಕಂಡಿದ್ದು ಅವತ್ತು ಮಾತ್ರ.

ಆಮೇಲಿನ ವಾರಗಳು ಕಷ್ಟದವು. ಕೆಳಗಿನ ನೀರಿನಲ್ಲಿ ಸಿಗುವುದು ಸಾಲುತ್ತಿರಲಿಲ್ಲ. ಮುದ್ದೆಗೆ ಹುಣಸೆ ನೀರು, ಹಸಿಮೆಣಸಿನಕಾಯಿ. ಮನೆಗಳಲ್ಲಿ ಗಂಡಹೆಂಡಿರ ಜಗಳ ಕೇಳುತ್ತಿತ್ತು. ಕೆಲವು ಗಂಡಸರು ಅತ್ತೆಯನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಅಂಥ ಒಂದು ದಿನ ತಿಪ್ಪೇಶ ಬಂದ. ಊಟಕ್ಕೆ ಕುಳಿತವನು ಮುದ್ದೆ ಮುರಿಯದೆ ಮಾತು ತೆಗೆದ.

"ಅವ್ವ, ಒಂದೇ ಒಂದು ಬಾಳೆ. ಮೇಸ್ತ್ರಿ ಮನೇಲಿ ಬೀಗರೂಟ ಐತೆ. ದೊಡ್ಡ ಮೀನು ತಂದ್ಕೊಟ್ರೆ ಈ ಸಲ ಕಾಯಂ ಮಾಡಿಸ್ತೀನಿ ಅಂದವ್ನೆ."

"ಮಾನೌಮಿ ಕಳೀಲಿ. ನಿಮ್ಮಣ್ಣನೇ ಹಿಡಿದು ಕೊಡ್ತಾನೆ."

"ಬೀಗರೂಟ ಮಾನೌಮಿ ತನಕ ಕಾಯ್ತೈತಾ?"

"ಹೊಟ್ಟೆ ತುಂಬ ತತ್ತಿ ಹೊತ್ಕಂಡು ಬಂದೈತೆ ಕಣಲೇ. ಈಗ ಹಿಡಿಯೋದಂದ್ರೆ ಹೆರಿಗೆಗೆ ಬಂದೋಳ ಕತ್ತು ಕುಯ್ದಂಗೆ."

ತಿಪ್ಪೇಶ ತಟ್ಟೆ ಸರಿಸಿದ. "ನಿಂಗೆ ಮೀನಿನ ಮಕ್ಕಳು ಕಾಣ್ತಾವೆ. ನಿನ್ನ ಮಗ ಕಾಣಲ್ಲ" ಅಂದ.

ಅವನು ಎದ್ದು ಅಂಗಿ ಹಾಕಿಕೊಂಡು ಹೊರಟ. ನಾನು ಬಾಗಿಲ ತನಕ ಹೋಗಿ "ಉಂಡ್ಕೊಂಡು ಹೋಗು" ಅಂದೆ. ತಿರುಗಿ ನೋಡಲಿಲ್ಲ. ಅತ್ತೆ ಅವನ ತಟ್ಟೆಯ ಮುದ್ದೆಯನ್ನು ಎತ್ತಿ ಮುಚ್ಚಿಟ್ಟರು. ಬರುತ್ತಾನೆ ಅಂತ.

ಪುಷ್ಯ ಮಳೆ ಜಿನುಗುತ್ತಿತ್ತು. ಅತ್ತೆ, ನಾನು ಜಗಲಿಯ ಮೇಲೆ ಕುಳಿತು ಹರಿದ ಬಲೆ ಹೆಣೆಯುತ್ತಿದ್ದೆವು. ಕಾಲಡಿಯ ನೆಲ ಒಂದು ಸಲ ಅದುರಿತು. ಶಬ್ದ ಆಮೇಲೆ ಬಂತು, ನೀರೊಳಗಿನಿಂದ ಬರುವ ದಪ್ಪ ಶಬ್ದ. ಅತ್ತೆ ಬಲೆ ಬಿಟ್ಟು ಎದ್ದು ನಿಂತರು. "ಆನೆಮಡು" ಅಂದರು. ನಾವು ಅಂಗಳ ದಾಟುವಷ್ಟರಲ್ಲಿ ಇನ್ನೊಂದು ಶಬ್ದ ಆಯಿತು. ಅದು ಬೇರೆ ಥರ ಇತ್ತು. ಬಯಲಲ್ಲಿ ಒಣ ಕೊಂಬೆ ಮುರಿದ ಹಾಗೆ, ಚಟ್ಟನೆಯ ಶಬ್ದ. ಅದರ ಹಿಂದೆಯೇ ಒಬ್ಬ ಮನುಷ್ಯನ ಕೂಗು.

ನಾವು ಹೋಗುವ ಹೊತ್ತಿಗೆ ಕರಿಯಣ್ಣ ತಿಪ್ಪೇಶನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಕುರಿ ಕಟ್ಟುವ ಹಗ್ಗದಿಂದ ಎರಡೂ ತೋಳನ್ನು ಬಿಗಿಯಾಗಿ ಕಟ್ಟಿದ್ದ. ಕಟ್ಟಿನ ಕೆಳಗೆ ಕೈ ಇರಲಿಲ್ಲ. ಎರಡೂ ಇರಲಿಲ್ಲ. ಮುಖದ ಒಂದು ಪಕ್ಕ ಕಪ್ಪಾಗಿ, ಆ ಕಡೆಯ ಕಣ್ಣು ಹೋಗಿತ್ತು. ಮದ್ದಿನ ಹೊಗೆ ಇನ್ನೂ ಬಂಡೆಯ ಸಂದಿಯಲ್ಲಿ ನಿಂತಿತ್ತು.

"ಮೊದಲನೇದು ಎಸೆದ" ಅಂದ ಕರಿಯಣ್ಣ. "ಎರಡನೇದರ ಬತ್ತಿ ನೆಂದಿತ್ತೋ ಏನೋ. ಹತ್ತಿಲ್ಲ ಅಂತ ಎರಡೂ ಕೈಯಾಗೆ ಹಿಡ್ಕಂಡು ನೋಡ್ತಿದ್ದ. ನಾನು ಬಿಸಾಕೋ ಅಂತ ಕೂಗ್ದೆ. ಕೂಗ್ದೆ ಕಣಕ್ಕ."

ನಮ್ಮ ಯಜಮಾನರು ಗಾಡಿ ಹೊಡೆದುಕೊಂಡು ಬಂದರು. ತಿಪ್ಪೇಶನನ್ನು ಮಲಗಿಸಿ ಅವರು ಒಂದು ಪಕ್ಕ, ಕರಿಯಣ್ಣ ಒಂದು ಪಕ್ಕ ಹಿಡಿದು ಕುಳಿತರು. ಅತ್ತೆಗೆ ಜಾಗ ಇರಲಿಲ್ಲ. "ನಡೀರಿ, ನಾನು ಹಿಂದೇ ಬರ್ತೀನಿ" ಅಂದರು. ರಸ್ತೆಯಲ್ಲಿ ಅದಿರಿನ ಲಾರಿಯೊಂದು ಸಿಕ್ಕಿತಂತೆ. ಡ್ರೈವರು ನೋಡಿದವನೇ ಏನೂ ಕೇಳದೆ ಅದಿರಿನ ಮೇಲೆ ಟಾರ್ಪಾಲು ಹಾಸಿಕೊಟ್ಟನಂತೆ. ಹೊಳಲ್ಕೆರೆ ದಾಟುವವರೆಗೂ ತಿಪ್ಪೇಶನಿಗೆ ಎಚ್ಚರ ಇತ್ತಂತೆ. ಕೈ ಉರಿಯುತ್ತದೆ, ಕೈಗೆ ನೀರು ಹಾಕು ಅಣ್ಣ ಅನ್ನುತ್ತಿದ್ದನಂತೆ.

ಗಾಡಿ ಮರೆಯಾದ ಮೇಲೆ ಅತ್ತೆ ಮಡುವಿನ ಕಡೆ ತಿರುಗಿದರು. ನೀರಿನ ಮೇಲೆ ಮೀನು ತೇಲುತ್ತಿದ್ದವು. ಗೆಂಡೆ, ಕೊರಮೀನು, ಎಣಿಕೆಗೆ ಸಿಗದಷ್ಟು ಮರಿ. ಬಂಡೆಯ ಪಕ್ಕದಲ್ಲಿ ಎರಡು ಬಾಳೆ, ಹೊಟ್ಟೆ ಮೇಲೆ ಮಾಡಿಕೊಂಡು. ಅವೇ ಎರಡೋ ಬೇರೆಯವೋ ನನಗೆ ಗೊತ್ತಿಲ್ಲ. ಒಂದರ ಹೊಟ್ಟೆ ಒಡೆದು ತತ್ತಿ ನೀರಿನಲ್ಲಿ ಹರಡಿತ್ತು, ನೆನೆದ ರಾಗಿ ಚೆಲ್ಲಿದ ಹಾಗೆ. ಅತ್ತೆ ಸೊಂಟದ ತನಕ ಇಳಿದು ಒಂದೊಂದನ್ನೇ ದಡಕ್ಕೆ ಎತ್ತಿ ಹಾಕತೊಡಗಿದರು.

ಹಟ್ಟಿಯ ಹೆಂಗಸರೆಲ್ಲ ಸೇರಿದ್ದರು. ಅವರಲ್ಲಿ ಹಿರಿಯಳೊಬ್ಬಳು ಮೆಲ್ಲಗೆ ಅಂದಳು: "ಕೆಂಚಕ್ಕ, ಇವತ್ತೊಂದಿನ ಮಾತು ಬಿಡು. ನಾವೇ ಹೊತ್ಕಂಡು ಹೋಗ್ತೀವಿ. ಆಸ್ಪತ್ರೆ ಖರ್ಚಿಗೆ ಆಗ್ತೈತೆ."

"ನನ್ನ ಮಗ ಅಂತ ಮಾತು ಬ್ಯಾರೆ ಆಗಲ್ಲ" ಅಂದರು ಅತ್ತೆ. ಆಮೇಲೆ ನನಗೆ, "ರತ್ನಿ, ಗುದ್ದಲಿ ತಗಂಬಾ" ಅಂದರು.

ನಾನು ತಂದೆ. ದಡದ ಮರಳಿನಲ್ಲಿ ಇಬ್ಬರೂ ಗುಂಡಿ ತೋಡಿದೆವು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗನ ರಕ್ತ ಬಂಡೆ ಮೇಲೆ ಹಸಿಯಾಗಿದೆ, ಈಕೆ ಮೀನು ಹೂಳುತ್ತಿದ್ದಾಳೆ ಅನ್ನಿಸಿತು. ಮೊಣಕಾಲೆತ್ತರದ ಮೀನಿನ ರಾಶಿ ಪೂರ್ತಿ ಮುಚ್ಚಿದ ಮೇಲೂ ಅವರು ಬರಿಗೈಯಲ್ಲಿ ಮರಳು ಎಳೆಯುತ್ತಲೇ ಇದ್ದರು. ಆಗ ಸಿಟ್ಟು ಇಳಿದು, ಅದರ ಜಾಗದಲ್ಲಿ ಭಯ ಬಂತು. ಅವರು ಹೊಳೆಯಲ್ಲೇ ಮುಳುಗೆದ್ದು, ಒದ್ದೆ ಸೀರೆಯಲ್ಲೇ ಚಿತ್ರದುರ್ಗದ ದಾರಿ ಹಿಡಿದರು. ನಾನು ಹಿಂದೆ ನಡೆದೆ.

ದೊಡ್ಡಾಸ್ಪತ್ರೆಯಲ್ಲಿ ತೋಳುಗಳನ್ನು ಇನ್ನಷ್ಟು ಮೇಲಕ್ಕೆ ಕತ್ತರಿಸಬೇಕಾಯಿತು. ಪೊಲೀಸರು ಬಂದರು, ತೋಟೆ ಎಲ್ಲಿಂದ ಬಂತು ಅಂತ ಕೇಳಿ ಬರೆದುಕೊಂಡು ಹೋದರು. ಮೇಸ್ತ್ರಿಯನ್ನು ಕೇಳಿದ್ದಕ್ಕೆ ಅವನು "ಅವನು ನಮ್ಮ ಆಳೇ ಅಲ್ಲ" ಅಂದನಂತೆ. ಅಷ್ಟು ವರ್ಷ ಕೆಂಪು ಧೂಳು ಕುಡಿದವನನ್ನು ಒಂದೇ ಮಾತಿನಲ್ಲಿ ತೊಳೆದುಬಿಟ್ಟ.

ತಿಪ್ಪೇಶನಿಗೆ ಪೂರ್ತಿ ಎಚ್ಚರ ಬಂದ ದಿನ ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದರು. ಅವನು ಕೇಳಿದ:

"ಮೀನು ಏನ್ಮಾಡ್ದೆ?"

"ಹೂತೆ."

ಅವನು ಗೋಡೆ ಕಡೆ ಮುಖ ಮಾಡಿಕೊಂಡ. ಅಲ್ಲಿ ಇದ್ದಷ್ಟು ದಿನವೂ, ಊರಿಗೆ ಬಂದ ಮೇಲೂ, ತಾಯಿಯ ಜೊತೆಯಾಗಲಿ ನಮ್ಮ ಜೊತೆಯಾಗಲಿ ಒಂದು ಮಾತಾಡಲಿಲ್ಲ. ಅನ್ನ ಕಲಸಿ ಬಾಯಿಗೆ ಇಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿದ್ದ. ನನ್ನ ಕೈಯಿಂದ ಎರಡು ತುತ್ತು ತಿನ್ನುತ್ತಿದ್ದ, ಅದೂ ಕಣ್ಣು ಮುಚ್ಚಿಕೊಂಡು. ಅತ್ತೆ ಬಾಗಿಲ ಹೊರಗೆ ನಿಂತು, ತಿಂದನಾ ಅಂತ ಕಣ್ಣಲ್ಲೇ ಕೇಳುತ್ತಿದ್ದರು.

ಹಟ್ಟಿಯಲ್ಲಿ ಮಾತು ಎರಡಾಗಿತ್ತು. ಗಂಗಮ್ಮನ ಕಲ್ಲು ಮೀರಿದ್ದಕ್ಕೆ ಆಯಿತು ಅಂದರು ಕೆಲವರು. ಹೆತ್ತ ತಾಯಿ ಹಟ ಮಾಡಿ ಮಗನ ಕೈ ತೆಗೆದಳು ಅಂದರು ಇನ್ನು ಕೆಲವರು. ಎರಡು ಮನೆಯವರು ಕಟ್ಟು ಮುರಿದು ಮತ್ತೆ ತೋಟೆ ಮೀನು ಹೊತ್ತರು. ಆದರೆ ಆನೆಮಡುವಿಗೆ ಯಾರೂ ಹೋಗಲಿಲ್ಲ. ಹೆದರಿಕೆ ಕಾಯುತ್ತಿತ್ತು ಅದನ್ನು.

ಒಂದು ದಿನ ಹಟ್ಟಿ ಯಜಮಾನರು ಬಂದು ಜಗಲಿಯ ಮೇಲೆ ಕುಳಿತರು. "ಕೆಂಚಮ್ಮ, ಹುಡುಗ ಮನೇಲಿ ಕುಂತು ಕೊರಗ್ತಾನೆ. ಮಡು ಹತ್ರ ಕೂರ್ಲಿ. ಅವನನ್ನ ನೋಡಿದ್ರೆ ಸಾಕು, ತೋಟೆ ತಗಂಡು ಬರೋರು ಹಂಗೇ ವಾಪಸ್ ಹೋಗ್ತಾರೆ" ಅಂದರು.

ಅತ್ತೆ ಒಳಗಿಂದಲೇ ಉತ್ತರ ಕೊಟ್ಟರು. "ನನ್ನ ಮಗನ್ನ ಬೆದರುಬೊಂಬೆ ಮಾಡಬ್ಯಾಡ್ರಿ ಯಜಮಾನ್ರೆ."

ಒಳಮನೆಯಲ್ಲಿ ಮಲಗಿದ್ದ ತಿಪ್ಪೇಶ ಅದನ್ನು ಕೇಳಿಸಿಕೊಂಡಿರಬೇಕು. ಅವತ್ತು ಅತ್ತೆ ತುತ್ತು ಇಟ್ಟಾಗ ಬಾಯಿ ತೆರೆದ. ಮಾತು ಮಾತ್ರ ಇಲ್ಲ.

ಮಾನೌಮಿ ಕಳೆದು ಮಡು ತೆಗೆದರು. ಬಲೆಗೆ ಬಂದದ್ದು ಸ್ವಲ್ಪ. ಅದರಲ್ಲಿ ಒಂದೇ ಒಂದು ಬಾಳೆಮರಿ, ಅಂಗೈ ಉದ್ದದ್ದು. ನಮ್ಮ ಯಜಮಾನರು ಅದನ್ನು ಬಿಡಿಸಿ ವಾಪಸ್ ನೀರಿಗೆ ಬಿಟ್ಟರು. ಒಂದು ಮರಿ ಇದ್ದರೆ ಇನ್ನೂ ನಾಕು ಇರಬಹುದು ಅನ್ನುವ ಆಸೆ; ಒಂದೇ ಇದ್ದರೆ ಅನ್ನುವ ದಿಗಿಲು.

ಮುಂದಿನ ವರ್ಷಗಳ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಬಾಳೆ ಮೊದಲಿನ ಹಾಗೆ ತುಂಬಿಕೊಂಡವು ಅಂದರೆ ಸುಳ್ಳಾಗುತ್ತದೆ. ವರ್ಷಕ್ಕೆ ಒಂದೋ ಎರಡೋ ಕಾಣುತ್ತಿದ್ದವು. ಕೆಳಗಿನ ಊರುಗಳ ಕೆಲವು ಹೆಂಗಸರು ಅತ್ತೆಯ ಹತ್ತಿರ ಬಂದು ಕೇಳಿಕೊಂಡು ಹೋಗಿ ತಾವೂ ತೋಟೆ ಮೀನು ಹೊರುವುದು ಬಿಟ್ಟರು. ಮೀನಿನ ಸಾಹೇಬರಿಗೆ ವರ್ಗವಾಯಿತು. ತಿಪ್ಪೇಶ ಬಹಳ ಕಾಲ ಬಾಳಲಿಲ್ಲ. ತೋಳಿನ ಗಾಯ ಮತ್ತೆ ಮತ್ತೆ ಕೀವಾಗಿ, ಒಂದು ಚಳಿಗಾಲ ಜ್ವರದಲ್ಲಿ ಹೋದ. ಅತ್ತೆ ಅವನಿಗಿಂತ ಬಹಳ ವರ್ಷ ಬದುಕಿದರು. ಅದು ಅವರಿಗೆ ಬೇಕಿರಲಿಲ್ಲ.

ಆದರೆ ಮಡು ಮುಚ್ಚಿ ವರ್ಷ ತುಂಬುವ ಮೊದಲು ನಡೆದದ್ದೊಂದು ಉಳಿದಿದೆ.

ಬೇಸಿಗೆ ಬಂದಿತ್ತು. ತಿಪ್ಪೇಶ ತಾನಾಗಿಯೇ ಮನೆಯಿಂದ ಹೊರಗೆ ಹೋಗಿ ಬರುವಷ್ಟಾಗಿದ್ದ. ಎಲ್ಲಿಗೆ ಅಂತ ನಾವು ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಟ್ಟಿಯ ಮುಂದೆ ಧೂಳೆಬ್ಬಿಸಿಕೊಂಡು ಒಂದು ಜೀಪು ಹೊಳೆಯ ಕಡೆ ಹೋಯಿತು. ಹಿಂದೆ ಕುಳಿತವರ ತೊಡೆ ಮೇಲೆ ಗೋಣಿಚೀಲ ಇತ್ತು. ಅತ್ತೆ ಕೈಯಲ್ಲಿದ್ದ ಮೊರ ಇಟ್ಟು ನಡೆದರು. ನಾನೂ ಓಡಿದೆ. ನಮ್ಮ ಹಿಂದೆ ಇನ್ನೂ ಕೆಲವು ಹೆಂಗಸರು.

ಹೋಗಿ ನೋಡಿದರೆ ಮೇಸ್ತ್ರಿ ಬಂಡೆಯ ಮೇಲೆ ನಿಂತಿದ್ದ. ಪಕ್ಕದಲ್ಲಿ ಅವನ ಇಬ್ಬರು ಆಳುಗಳು, ಕೈಯಲ್ಲಿ ತೋಟೆ. ಮಡುವಿನ ನಡುವಿನಲ್ಲಿ, ಎದೆಮಟ್ಟದ ನೀರಿನಲ್ಲಿ, ತಿಪ್ಪೇಶ ನಿಂತಿದ್ದ. ಅಂಗಿಯ ಖಾಲಿ ತೋಳು ಎರಡೂ ನೀರಿನ ಮೇಲೆ ತೇಲುತ್ತಿದ್ದವು. ಅವನ ಹಿಂದೆ ನೀರು ಇನ್ನೂ ಆಳ. ಕಾಲು ಜಾರಿದರೆ ಈಜಲು ಕೈ ಇಲ್ಲ.

"ಮ್ಯಾಕೆ ಬಾರೋ. ಹುಚ್ಚು ಹಿಡಿದೈತಾ ನಿಂಗೆ?" ಅಂದ ಮೇಸ್ತ್ರಿ.

"ನಾನು ನಿಮ್ಮ ಆಳಲ್ಲ" ಅಂದ ತಿಪ್ಪೇಶ. "ನೀವು ಕರೆದ್ರೆ ಯಾಕೆ ಬರ್ಲಿ?"

ತಿಂಗಳುಗಟ್ಟಲೆ ಆದ ಮೇಲೆ ನಾವು ಕೇಳಿದ ಅವನ ದನಿ ಅದು. ಅತ್ತೆ ಸೀರೆ ಎತ್ತಿ ಕಟ್ಟದೆ ಹಾಗೇ ನೀರಿಗೆ ಇಳಿದರು. ಮಗನ ಪಕ್ಕಕ್ಕೆ ಹೋಗಿ, ಸೊಂಟಕ್ಕೆ ಕೈ ಹಾಕಿ ಹಿಡಿದು ನಿಂತರು.

"ಎಷ್ಟೊತ್ತು ನಿಂತಿರ್ತೀಯಲೇ?"

"ಅವರು ಹೋಗೋತನಕ."

"ಸರಿ" ಅಂದರು ಅತ್ತೆ.

ನಾನೂ ಇಳಿದೆ. ಇನ್ನಿಬ್ಬರು ಹೆಂಗಸರು ಇಳಿದರು. ಉಳಿದವರು ದಡದಲ್ಲಿ ಜೀಪಿನ ಪಕ್ಕ ನಿಂತರು. ಯಾರೂ ಬೈಯಲಿಲ್ಲ, ಕಲ್ಲೆತ್ತಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ಕಾಲು ತಣ್ಣಗೆ ಮರಗಟ್ಟುತ್ತಿತ್ತು. ಮೇಸ್ತ್ರಿ ಬೀಡಿ ಸೇದಿದ, ಉಗಿದ, ಆಳುಗಳ ಮೇಲೆ ರೇಗಿದ. ಕೊನೆಗೆ ಜೀಪು ಹತ್ತಿದರು. ಧೂಳು ಇಳಿಯುವ ತನಕ ನಾವು ಕದಲಲಿಲ್ಲ.

ಮೇಲೆ ಬರುವುದೇ ಕಷ್ಟವಾಯಿತು. ಪಾಚಿ ಕಟ್ಟಿದ ದಡ, ಹಿಡಿದುಕೊಳ್ಳಲು ಅವನಿಗೆ ಕೈ ಇಲ್ಲ. ಎರಡು ಸಲ ಜಾರಿ ಮೊಣಕಾಲೂರಿ ಬಿದ್ದ. ನಾನು ಹಿಂದಿನಿಂದ ನೂಕಿದೆ, ಅತ್ತೆ ಮುಂದಿನಿಂದ ಕಂಕುಳಿಗೆ ಕೈ ಕೊಟ್ಟು ಎಳೆದರು. ಬಂಡೆಯ ಮೇಲೆ ಕುಳ್ಳಿರಿಸಿದ ಮೇಲೆ ಬಹಳ ಹೊತ್ತು ಮೂವರೂ ಏದುಸಿರು ಬಿಟ್ಟೆವು. ಅತ್ತೆ ಬಗ್ಗಿ ಅವನ ಪಂಚೆಯ ತುದಿ ಹಿಂಡತೊಡಗಿದರು.

"ಅವ್ವ" ಅಂದ ತಿಪ್ಪೇಶ. "ನಿಂತಿದ್ದಾಗ ಕಾಲಿಗೆ ಏನೋ ಉಜ್ಜಿಕೊಂಡು ಹೋತು. ನುಣ್ಣಗೆ, ಉದ್ದಕೆ. ಎಷ್ಟೊತ್ತಾದ್ರೂ ಮುಗೀಲೇ ಇಲ್ಲ ಅದು."

ಅತ್ತೆ ಹಿಂಡುವುದನ್ನು ನಿಲ್ಲಿಸಿದರು. ಹಟ್ಟಿಯ ಹೆಂಗಸರು ಇನ್ನೂ ಸ್ವಲ್ಪ ದೂರದಲ್ಲಿ ಸೀರೆ ಒಣಗಿಸಿಕೊಳ್ಳುತ್ತಾ ನಿಂತಿದ್ದರು. ಅತ್ತೆ ಅವರ ಕಡೆ ಒಮ್ಮೆ ನೋಡಿ, ಮಗನ ಕಿವಿಯ ಹತ್ತಿರ ಬಾಗಿದರು.

"ಯಾರಿಗೂ ಹೇಳಬ್ಯಾಡ" ಅಂದರು.